ಸದ್ದು ಮಾಡುವ ನೆಲ

ಮರದ ನೆಲ ಹಾಕಿಸಲು ಬರುವವರೆಲ್ಲ ಕೇಳುವುದು ಒಂದೇ ಪ್ರಶ್ನೆಯಂತೆ: ಸದ್ದಾಗುವುದಿಲ್ಲ ತಾನೆ? ನಾಲ್ಕನೆಯ ಅಂಗಡಿಯವರೂ ಅದೇ ರಾಗ ತೆಗೆದರು.

"ಈ ಓಕ್ ಹಲಗೆ ನೋಡಿ ಮೇಡಂ. ಇದರ ಮೇಲೆ ಆನೆ ನಡೆದ್ರೂ ಸದ್ದಾಗಲ್ಲ."

"ನಮಗೆ ಬೆಕ್ಕು ನಡೆದ್ರೂ ಗೊತ್ತಾಗ್ಬೇಕು," ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮೂರು ಅಂಗಡಿ ಸುತ್ತುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿತ್ತು. ಅದು ನನ್ನಲ್ಲಿ ಮೊದಲಿಂದಲೂ ಹೆಚ್ಚಿಗೆ ಇರುವ ಸಾಮಾನಲ್ಲ. ನಮ್ಮವರು ಮಧ್ಯೆ ಬಂದು, ಪಕ್ಕದಲ್ಲಿದ್ದ ಒಂಬತ್ತು ವರ್ಷದ ಮಗಳ ತಲೆ ಸವರಿ, "ಇವಳಿಗೆ ಕಿವಿ ಕೇಳ್ಸಲ್ಲ. ಕಾಲಲ್ಲೇ ಕೇಳಿಸ್ಕೋತಾಳೆ," ಎಂದರು.

ಅದು ನಿಜ. ನಾವಿದ್ದ ಬಾಡಿಗೆ ಮನೆಯ ಮಹಡಿಗೆ ಹಳೆಯ ಮರದ ಹಲಗೆಗಳಿದ್ದವು. ಅವಳಪ್ಪ ಬಂದರೆ ಅವು ಒಂದು ಥರ ಅದುರುತ್ತಿದ್ದವು, ನಾನು ಬಂದರೆ ಇನ್ನೊಂದು ಥರ. ಅಳಿಲಿನ ಹಾಗೆ ಒಂದು ಕಡೆ ಕೂರದ ಮಗಳಿಗೆ ನಾವಿಟ್ಟ ಹೆಸರು ಇಣಚಿ. ಬೆನ್ನು ತಿರುಗಿಸಿ ಕೂತಿದ್ದರೂ ಯಾರು ಬಂದರೆಂದು ಹೇಳಿಬಿಡುತ್ತಿದ್ದಳು. ಈಗ ಕಟ್ಟಿದ ಹೊಸ ಮನೆಯ ನೆಲ ಸಿಮೆಂಟಿನದು. ಮನೆ ತೋರಿಸಲು ಕರೆದೊಯ್ದ ಮೊದಲ ದಿನ ಅವಳ ಕೋಣೆಗೆ ಹೋಗಿ ಹಿಂದಿನಿಂದ ಹೆಗಲು ಮುಟ್ಟಿದೆ. ಮಗು ಕಿಟಾರನೆ ಕಿರುಚಿ ಗೋಡೆಗೆ ಒತ್ತಿಕೊಂಡಿತು. ಆಮೇಲೆ ಅಳುತ್ತಾ ಕೈಸನ್ನೆಯಲ್ಲಿ, "ಈ ಮನೇಲಿ ನೀವೆಲ್ಲ ದೆವ್ವದ ಥರ ಬರ್ತೀರಿ. ನಾನಿಲ್ಲಿ ಇರಲ್ಲ," ಎಂದಳು. ಅಲ್ಲಿಂದಾಚೆ ಹೊಸ ಮನೆಗೆ ಹೋದಾಗಲೆಲ್ಲ ಗೋಡೆಗೆ ಆತು, ಬಾಗಿಲ ಕಡೆಯೇ ಕಣ್ಣಿಟ್ಟು ಕೂರುತ್ತಿದ್ದಳು. ಆಸೆಪಟ್ಟು ಕಟ್ಟಿದ ಮನೆಯಲ್ಲಿ ಮಗಳು ಕಾವಲುಗಾರನ ಹಾಗೆ ಕೂರುವುದನ್ನು ನೋಡಲಾರದೆ ಅವಳ ಕೋಣೆಗೆ ಮರದ ನೆಲ ಹಾಕಿಸಲು ಹೊರಟೆವು.

ಅಂಗಡಿಯವರು ಗಲ್ಲ ಕೆರೆದುಕೊಂಡು ನಮ್ಮನ್ನು ಒಳಗೆ ಕರೆದೊಯ್ದರು. ಅಲ್ಲಿ ಮೂರು ಮಾದರಿಗಳಿದ್ದವು. ಒಂದರಲ್ಲಿ ಹಲಗೆಯನ್ನು ಸಿಮೆಂಟಿಗೇ ಅಂಟಿಸಿದ್ದರು. ಇನ್ನೊಂದನ್ನು ಫೋಮ್ ಹಾಳೆಯ ಮೇಲೆ ಕೂರಿಸಿದ್ದರು. ಮೂಲೆಯಲ್ಲಿದ್ದದ್ದು ಹಳೇ ಪದ್ಧತಿಯದು: ಕೆಳಗೆ ಸಾಲಾಗಿ ಮರದ ಪಟ್ಟಿ, ನಡುವೆ ಖಾಲಿ ಜಾಗ, ಮೇಲೆ ದಪ್ಪ ಓಕ್ ಹಲಗೆ.

"ಇದನ್ನ ಈಗ ಯಾರೂ ಕೇಳಲ್ಲ. ಡಬಡಬ ಅನ್ನತ್ತೆ," ಎಂದರು.

ಇಣಚಿ ಚಪ್ಪಲಿ ಬಿಟ್ಟು ಒಂದೊಂದರ ಮೇಲೂ ಕಣ್ಣು ಮುಚ್ಚಿ ನಿಂತಳು. ಅವಳಪ್ಪ ಹಿಂದಿನಿಂದ ನಡೆದರು. ಮೂಲೆಯ ಮಾದರಿಯ ಮೇಲೆ ಅವರು ಎರಡನೆಯ ಹೆಜ್ಜೆ ಇಡುವಷ್ಟರಲ್ಲಿ ಅವಳ ಕೈ ಮೇಲೆದ್ದಿತು. ಬಣ್ಣದ ವಿಷಯದಲ್ಲಿ ಮಾತ್ರ ನನಗೂ ಅವಳಿಗೂ ಜಟಾಪಟಿ ನಡೆಯಿತು. ನನಗೆ ಗಂಟಿಲ್ಲದ ತಿಳಿ ಬಣ್ಣದ್ದು ಬೇಕಿತ್ತು. ಅವಳಿಗೆ ಮೈತುಂಬ ಗಂಟುಗಳಿದ್ದ ಕಂದು ಹಲಗೆ. ಗೆದ್ದವರು ಯಾರೆಂದು ಹೇಳಬೇಕಿಲ್ಲ.

ನೆಲ ಹಾಕಲು ಬಂದ ಬಡಗಿ ಹಿರಿಯರು, ಮೂವತ್ತು ವರ್ಷ ಇದೇ ಕೆಲಸ ಮಾಡಿದವರು. ಬಂದ ಹಲಗೆಗಳನ್ನು ಒಂದು ವಾರ ಕೋಣೆಯಲ್ಲೇ ಪೇರಿಸಿಟ್ಟರು. "ಮರಕ್ಕೂ ಹೊಸ ಮನೆ ಒಗ್ಗಬೇಕಲ್ಲಮ್ಮಾ," ಎಂದರು. ಆ ಮಾತು ಕೇಳಿ ನಾನು ನಿಶ್ಚಿಂತೆಯಿಂದ ಎಲ್ಲವನ್ನೂ ಅವರಿಗೇ ಬಿಟ್ಟೆ. ಕೆಲಸ ಮುಗಿದ ದಿನ ಮೂವರೂ ಹೋದೆವು.

ಇಣಚಿ ಗೋಡೆಯ ಕಡೆ ಮುಖ ಮಾಡಿ ನಿಂತಳು. ಅವಳಪ್ಪ ಬಾಗಿಲಿನಿಂದ ಕಿಟಕಿಯವರೆಗೆ ನಡೆದರು, ಮತ್ತೆ ನಡೆದರು, ಮೂರನೆಯ ಸಲ ಕಾಲು ಅಪ್ಪಳಿಸಿಯೇ ನಡೆದರು. ಅವಳು ನನ್ನ ಕಡೆ ತಿರುಗಿ ಸನ್ನೆಯಲ್ಲಿ ಕೇಳಿದಳು: "ಅಪ್ಪ ಯಾವಾಗ ಶುರು ಮಾಡ್ತಾರೆ?"

ಆ ಸನ್ನೆ ಅರ್ಥವಾಗದ ಬಡಗಿ ಮಾತ್ರ ಬೀಗುತ್ತಿದ್ದರು. "ಹೇಗಿದೆ ಅಮ್ಮಾ? ಪಟ್ಟಿ ಕೆಳಗೆಲ್ಲ ನಾನೇ ರಬ್ಬರ್ ಕೊಟ್ಟು, ಸಂದಿಗೆ ಫೋಮ್ ತುಂಬಿದೀನಿ. ಮಗು ಕೋಣೆ ಅಲ್ವಾ, ಸದ್ದಿಗೆ ನಿದ್ದೆ ಕೆಡಬಾರ್ದು."

ಸಿಟ್ಟು ನೆತ್ತಿಗೇರಿತು. "ನಿಮಗೆ ಯಾರು ಹೇಳಿದ್ರು ತುಂಬೋಕೆ?" ಎಂದು ಶುರು ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. ಅರ್ಧದಲ್ಲಿ ನನಗೇ ಹೊಳೆಯಿತು: ತುಂಬಬೇಡಿ ಎಂದೂ ಯಾರೂ ಹೇಳಿರಲಿಲ್ಲ. ಮಗಳ ವಿಷಯವನ್ನು ಅಂಗಡಿಯವರಿಗೆ ಹೇಳಿ ಬಂದಿದ್ದೆವು, ಈ ಮನುಷ್ಯನಿಗೆ ಹೇಳಲು ಮರೆತಿದ್ದೆವು. ನಮ್ಮವರು ನಿಧಾನವಾಗಿ ಎಲ್ಲ ತಿಳಿಸಿದರು.

ಹಿರಿಯರು ಚಪ್ಪಲಿ ಬಿಟ್ಟು, ಇಣಚಿಯ ಪಕ್ಕ ಗೋಡೆಗೆ ಮುಖ ಮಾಡಿ ನಿಂತು, ಎರಡೂ ಕಿವಿಗಳನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡರು. "ಈಗ ನಡೀರಿ ಸ್ವಾಮಿ." ನಮ್ಮವರು ಕೋಣೆಯ ಉದ್ದಕ್ಕೂ ಹೋಗಿ ಬಂದರು. ಹಿರಿಯರು ಕೈ ಇಳಿಸಿದರು.

"ಬಿಚ್ತೀನಿ," ಎಂದರು. "ಮೂವತ್ತು ವರ್ಷದಿಂದ ಸದ್ದು ಅಡಗಿಸೋದನ್ನೇ ಕಲ್ತಿದ್ದೆ."

ಬಿಚ್ಚಿದರು ಕೂಡ. ರಬ್ಬರು, ಫೋಮು ಎಲ್ಲ ಚೀಲ ತುಂಬಿ ಹೊರಗೆ ಹೋದವು. ಈ ಸಲ ಇಣಚಿ ಶಾಲೆ ಬಿಟ್ಟ ಕೂಡಲೇ ಅಲ್ಲಿ ಹಾಜರ್. ಅವರು ಒಂದು ಸಾಲು ಕೂರಿಸಿ ಮುಷ್ಟಿಯಿಂದ ಗುದ್ದುವರು. ಆ ತುದಿಯಲ್ಲಿ ಕೂತ ಅವಳು ತಲೆಯಾಡಿಸಿದರೆ ಸರಿ, ಮುಖ ಸಿಂಡರಿಸಿದರೆ ಸ್ಕ್ರೂ ಬಿಚ್ಚಿ ಮತ್ತೆ ಕೂರಿಸುವರು. ಅವರಿಗೆ ಸನ್ನೆ ಬಾರದು, ಅವಳಿಗೆ ಅವರ ಮಾತು ಕೇಳದು, ಆದರೂ ಇಬ್ಬರಿಗೂ ಬಿಡುವಿಲ್ಲದ ಹರಟೆ. ನಾನು ಅಂದದ್ದಕ್ಕೆಲ್ಲ ತಪ್ಪಾಯಿತೆಂದು ಕೇಳಿಕೊಂಡೆ. "ಬಿಡಿ ಅಮ್ಮಾ, ಮುಖಕ್ಕೇ ಹೇಳಿದ್ರಲ್ಲ," ಎಂದರು.

ಮನೆ ಬದಲಾಯಿಸಿದ ಮರುದಿನ ಬೆಳಗ್ಗೆ ಕಿಟಕಿ ಪರದೆಯವನು ಎಲ್ಲ ಪರದೆಗಳನ್ನೂ ಗೇಣುದ್ದ ಗಿಡ್ಡ ಹೊಲಿದು ತಂದಿದ್ದ. ಅವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡು, ಅದೇ ಬಿಸಿಯಲ್ಲಿ ಮಗಳ ಕೋಣೆಗೆ ನುಗ್ಗಿದೆ. ಅವಳು ಬಾಗಿಲಿಗೆ ಬೆನ್ನು ಹಾಕಿ, ಬರಿಗಾಲು ಚಾಚಿ ನೆಲದ ಮೇಲೆ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಬೆಚ್ಚಲಿಲ್ಲ, ತಿರುಗಲೂ ಇಲ್ಲ. ಪೆನ್ಸಿಲ್ ಕೆಳಗಿಟ್ಟು, ನನಗೆ ಕಾಣುವ ಹಾಗೆ ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಕೇಳಿದಳು: "ಅಮ್ಮ, ಇವತ್ತು ಯಾರ ಮೇಲೆ ಸಿಟ್ಟು?"