ಬೊಮ್ಮಕ್ಕ ಹಾಕಿದ ಗಂಟು

ಗುಳ್ಳೆಗಳು ನಿಂತವು, ಇಲ್ಲ, ಅಗೋ ಇನ್ನೊಂದು, ಅದೂ ಒಡೆಯಿತು, ಆಮೇಲೆ ಸೂಳೆಕೆರೆಯ ನೀರು ಏನೂ ಆಗಿಲ್ಲವೆಂಬಂತೆ ಮಟ್ಟಸವಾಗಿ ಮಲಗಿಬಿಟ್ಟಿತು, ಬೊಮ್ಮಕ್ಕ ಬಿದಿರಿನ ತೆಪ್ಪದ ಮೇಲೆ ಮಂಡಿಯೂರಿ ಹಗ್ಗ ಹಿಡಿದು ಕೂತಿದ್ದಾಳೆ, ಹಗ್ಗದ ಆ ತುದಿ ಗಂಡನ ಸೊಂಟದಲ್ಲಿದೆ, ಗಂಡ ನೀರಿನೊಳಗಿದ್ದಾನೆ — ಎಷ್ಟು ಹೊತ್ತಾಯಿತು? ಜಗ್ಗಿದ್ರೆ ಎಳಿ, ಜಗ್ಗೋತನಕ ಎಳೀಬ್ಯಾಡ, ಚಿಪ್ಪೆಲ್ಲಾ ಚೆಲ್ತಾವೆ, ಅಂದು ಮುಳುಗಿದವನು. ಹಗ್ಗ ಅಲುಗುತ್ತಿಲ್ಲ. ಅವನು ತರಲು ಇಳಿದ ಬಲೆಚೀಲ ಕಳಚಿ ಕೆರೆಯ ತಳಕ್ಕೆ ಹೋದದ್ದು ತನ್ನಿಂದಲೇ, ಬೆಳಿಗ್ಗೆ ಚಿಪ್ಪು ತೊಳೆದು ಅದನ್ನು ಮತ್ತೆ ತೆಪ್ಪಕ್ಕೆ ತೂಗಿ ಗಂಟು ಹಾಕಿದವಳು ತಾನೇ, ಗಟ್ಟಿ ಹಾಕೀಯೇನೇ ಎಂದು ಅವನು ಕೇಳಿದಾಗ ಹೂಂ ಕಣ್ರೀ ಎಂದವಳೂ ತಾನೇ, ಅದರೊಳಗೆ ಎಂಟು ತಿಂಗಳಿಂದ ಸಾಕಿದ ಕಪ್ಪೆಚಿಪ್ಪುಗಳು, ಒಂದೊಂದರ ಬಾಯಿ ಬಿಡಿಸಿ ಮೀನು ಇಲಾಖೆಯ ಸಾಹೇಬರು ಒಳಗೆ ಮಣಿಯಿಟ್ಟಿದ್ದರು, ನೀರಲ್ಲಿ ತೂಗಾಕಿ ಕಾಯ್ರಿ ಜಂಪಣ್ಣ, ಮುತ್ತು ತಾನೇ ಕಟ್ಟುತ್ತೆ — ಹಾಳಾಗಲಿ ಮುತ್ತು, ಮೇಲೆ ಬಾರೋ ಮಾರಾಯ, ನಿನ್ನ ತಲೆ ಒಂದು ಕಂಡರೆ ಸಾಕು. ಜಗಳೂರಿನ ತವರಿನಲ್ಲಿ ನೀರೆಂದರೆ ಬಾವಿಯ ತಳದಲ್ಲಿ ಹೊಳೆಯುವ ಒಂದು ಬಿಲ್ಲೆ, ಹುಡುಗಿಯಾಗಿದ್ದಾಗ ಅದನ್ನು ಸೇದೀ ಸೇದೀ ಅಂಗೈ ಬೊಬ್ಬೆ, ಕೆರೆ ದಂಡೆಗೆ ಕೊಡ್ತೀವಿ ಬೊಮ್ಮಿ, ಇನ್ನು ನೀರಿಗೆ ಬರ ಇಲ್ಲ ಬಿಡು ಎಂದು ಅವ್ವ ನಕ್ಕಿದ್ದಳು, ಬರ ಇಲ್ಲ ಅವ್ವಾ, ನೋಡು ಬಾ ಎಷ್ಟೈತೆ. ಎಳೆಯಲೇ? ಎಳೆದರೆ ಬೈಯುತ್ತಾನೆ, ಎಳೆಯದಿದ್ದರೆ — ರೀ, ರೀ ಎಂದು ನೀರಿಗೆ ಬಾಯಿಟ್ಟು ಕೂಗಿದಳು, ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಗಿಡ್ಡಮ್ಮ ಏನಾತೇ ಎಂದು ಎದ್ದು ನಿಂತಳು, ಜಂಪಣ್ಣಾ ಎಂದು ಜನ್ಮದಲ್ಲಿ ಮೊದಲ ಸಲ ಗಂಡನ ಹೆಸರು ಹಿಡಿದು ಕಿರುಚಿಕೊಂಡು ಹಗ್ಗ ಸೆಳೆದಳು. ಬರಲಿಲ್ಲ. ಎದ್ದು ಕಾಲೂರಿ ಮತ್ತೆ ಸೆಳೆದಳು, ಬಿದಿರಿನ ಸಂದಿಗೆ ಸಿಕ್ಕಿದ್ದ ಹಗ್ಗ ಕಿತ್ತು ಬಂತು, ಆಮೇಲೆ ಭಾರ, ತುಂಬಿದ ಕೊಡದಂಥದಲ್ಲ, ಸತ್ತ ಭಾರ, ತೋಳುಗಳು ತಾವಾಗಿಯೇ ಸೇದಿದವು, ಒಂದು ಕೈಯ ಹಿಂದೆ ಇನ್ನೊಂದು, ಕೂದಲು ಕಂಡಿತು, ಹೆಗಲು, ಕಾಲಿಗೆ ಸುತ್ತಿಕೊಂಡ ಬಲೆ, ರಟ್ಟೆ ಹಿಡಿದು ತೆಪ್ಪದ ಮೇಲೆ ಎಳೆದು ಬೆನ್ನಿಗೆ ಗುದ್ದಿದಳು, ಗುದ್ದಿದಳು, ಅವನು ನೀರು ಕಾರಿದ, ಕೆಮ್ಮಿದ, ಬದುಕಿದ. ಕಣ್ಣು ಬಿಟ್ಟು ಮೊದಲು ಅಂದದ್ದು, ಜಗ್ಗಿದ್ನಲ್ಲೇ ಬೊಮ್ಮಿ, ಮೂರು ಸಲ ಜಗ್ಗಿದೆ, ಯಾಕೆ ಎಳೀಲಿಲ್ಲ? ಇಲ್ರೀ, ದೇವ್ರಾಣೆ, ನನ್ನ ಕೈಗೆ ಏನೂ ಬರ್ಲಿಲ್ರೀ. ಅವನು ಮತ್ತೆ ಕೆಮ್ಮುತ್ತಿದ್ದಾನೆ, ಗಿಡ್ಡಮ್ಮ ಏನೋ ಕೂಗುತ್ತಿದ್ದಾಳೆ, ಬೊಮ್ಮಕ್ಕನಿಗೆ ಕೇಳಿಸುತ್ತಿಲ್ಲ, ಹಗ್ಗ ಸಿಕ್ಕಿಕೊಂಡಿದ್ದ ಆ ಬಿದಿರಿನ ಅಂಚನ್ನೇ ನೋಡುತ್ತಿದ್ದಾಳೆ, ಅಲ್ಲಿ ಪಾಚಿ ಉಜ್ಜಿ ಹೋಗಿದೆ, ನೀರಿನ ಕಡೆಗೆ, ಹಳದಿಯ ಗೀರು, ಒಂದು, ಪಕ್ಕದಲ್ಲಿ ಇನ್ನೊಂದು, ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ, ಹಸಿ ಗೀರು, ಮೂರು.