ಎರಡು ಲೋಟ ಬೂದುಗುಂಬಳದ ರಸ

ಬಿಳಿ ನೊರೆ ಇಳಿಯುತ್ತಿದೆ, ಮಿಕ್ಸಿ ನಿಂತರೂ ಕಿವಿಯೊಳಗೆ ಅದರ ಗುಂಯ್ ನಿಂತಿಲ್ಲ, ಬೂದುಗುಂಬಳದ ರಸಕ್ಕೆ ವಾಸನೆಯೇ ಇಲ್ಲ, ಇವರ ಮೈಗೂ ಈಗ ಇಲ್ಲ — ಇಷ್ಟು ವರ್ಷ ದಿಂಬಿನಲ್ಲಿ ಇರುತ್ತಿದ್ದ ಬೆವರು, ಸೀಮೆಸುಣ್ಣ, ನಶ್ಯ ಎಲ್ಲಿ ಹೋಯಿತು, ಮೂಗು ಒತ್ತಿದರೆ ಯಾರೂ ಮಲಗಿಯೇ ಇಲ್ಲವೆನ್ನುವಂತೆ ತಣ್ಣಗೆ, ಜಗಲಿಯಲ್ಲಿ ಮಾತಾಡುತ್ತಿರುವುದು ನನ್ನ ಗಂಡ ನರಸಯ್ಯ ಮೇಷ್ಟ್ರೇ, ದನಿ ಅದೇ, ರಕ್ತ ಹುಳಿಯಾದರೆ ರೋಗ, ಕ್ಷಾರವಾದರೆ ರೋಗಕ್ಕೆ ಜಾಗವೇ ಇಲ್ಲ, ರಾಮನಗರದ ಹೈಸ್ಕೂಲಿನಲ್ಲಿ ಲಿಟ್ಮಸ್ ಕಾಗದ ಅದ್ದಿ ತೋರಿಸುತ್ತಿದ್ದವರು ಈಗ ತಮ್ಮ ಉಚ್ಚೆಯಲ್ಲೇ ಅದ್ದಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ, ನೋಡೇ, ನೀಲಿ ಆಯ್ತು, ಕ್ಷಾರ. ಫೋನಿನಲ್ಲಿ ಯಾವನೋ ಹೇಳಿದ್ದನ್ನು ನಂಬಿ ಕಾಫಿ ಬಿಟ್ಟರು, ಮುದ್ದೆ ಬಿಟ್ಟರು, ಪಿತೃಪಕ್ಷಕ್ಕೆ ಇವರ ಊರು ಗುಡೇಮಾರನಹಳ್ಳಿಗೆ ಹೋದಾಗ ಅತ್ತೆಯ ಫೋಟೊದ ಮುಂದೆ ಕೋಳಿಸಾರಿನ ಜಾಗದಲ್ಲಿ ಈ ಬಿಳಿ ನೀರನ್ನೇ ಇಟ್ಟರು, ಅತ್ತೆ ಫೋಟೊದೊಳಗಿಂದ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಬಿಪಿ ಮಾತ್ರೆಗಳನ್ನು ಚರಂಡಿಗೆ ಸುರಿದರು, ಕೆಲವೇ ದಿನಕ್ಕೆ ಬಚ್ಚಲಲ್ಲಿ ಬಿದ್ದರು, ಮುಖ ಕೆಂಪಗೆ ಊದಿಕೊಂಡಿತ್ತು, ವಿಷ ಹೊರೀಕ್ ಹೋಗ್ತಾ ಐತೆ ಕಣೇ, ಹೆದರ್ಕೋಬ್ಯಾಡ — ನಾನು ಹೆದರಿದೆ, ಮೆಡಿಕಲ್ ಸ್ಟೋರಿಗೆ ಹೋಗಿ ಅದೇ ಮಾತ್ರೆ ತಂದೆ, ಎರಡು ಚಮಚದ ನಡುವೆ ಇಟ್ಟು ಒತ್ತಿದರೆ ಪುಡಿ, ರಸಕ್ಕೆ ಹಾಕಿದರೆ ಬಿಳಿಯಲ್ಲಿ ಬಿಳಿ, ದಿನವೂ ಅವರು ಗಟಗಟ ಕುಡಿದು ಮೀಸೆ ಒರೆಸಿಕೊಂಡರು, ಚೇತರಿಸಿಕೊಂಡರು.

ಚೇತರಿಸಿಕೊಂಡಿದ್ದೇ ತಪ್ಪಾಯಿತು. ಬೀದಿಯ ಆರೋಗ್ಯ ಶಿಬಿರದಲ್ಲಿ ಬಿಪಿ ನೋಡಿದ ಹುಡುಗಿ ಚೆನ್ನಾಗಿದೆ ಸಾರ್ ಅಂದಳು, ಒಂದ್ ಮಾತ್ರೆ ಮುಟ್ಟಿಲ್ಲ ಕಣ್ರೀ ಅಂತ ಎಲ್ಲರ ಎದುರು ಎದೆ ತಟ್ಟಿಕೊಂಡರು, ನಾನು ಪಕ್ಕದಲ್ಲೇ ನಿಂತಿದ್ದೆ, ನಕ್ಕೆ. ಗೋಡೆಯಾಚೆಯ ಅಕ್ಬರಿ ಬೇಗಂ, ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಮನೆಯವಳು, ನನ್ನ ಮದುವೆಯ ವರ್ಷದಿಂದ ನನ್ನ ಗೆಳತಿ, ಅವಳಿಗೂ ಬಿಪಿ, ಕೊತ್ತಂಬರಿ ಸೋಸುತ್ತಿದ್ದ ನನ್ನ ಪಕ್ಕ ಕೂತು ಕೇಳಿದಳು, ವರಲಕ್ಷ್ಮಕ್ಕಾ, ಮೇಷ್ಟ್ರು ಹೇಳಾದು ದಿಟಾನಾ, ನಾನೂ ಮಾತ್ರೆ ಬುಟ್ಬುಡ್ಲಾ — ಒಂದು ಮಾತು ಹೇಳಿದ್ದರೆ ಸಾಕಿತ್ತು, ಆದರೆ ಆ ಮಾತು ಇವರ ಕಿವಿಗೆ ಬಿದ್ದರೆ ಇವರು ನನ್ನ ಕೈಯ ನೀರನ್ನೂ ಮುಟ್ಟುವುದಿಲ್ಲ, ಮುಟ್ಟದಿದ್ದರೆ ಸಾಯುತ್ತಾರೆ, ಕೊಳೆತ ಎಲೆಯನ್ನು ಚಿವುಟಿ ಚಿವುಟಿ ಹಾಕುತ್ತ ಹೇಳಿದೆ, ನಂಗೇನ್ ಗೊತ್ತಾಯ್ತದೆ ಅಕ್ಬರಿ, ಓದಿರೋರು ಅವ್ರು. ಅವಳು ಮಾತ್ರೆ ಬಿಟ್ಟಳು, ರಂಜಾನ್ ಮುಗಿದ ಮೇಲೆ ಬಿಸಿನೀರ ಬಾನಿಯ ಪಕ್ಕ ಕುಸಿದಳು, ಬಲಭಾಗ ಹೋಯಿತು, ಮಾತು ಹೋಯಿತು. ಕದ್ದು ಟೀ ಕುಡ್ದವ್ರೆ, ಹುಳಿ ಏರೈತೆ, ಇಷ್ಟೇ ಇವರು ಹೇಳಿದ್ದು.

ಅವಳ ಮಗ ವಹಾಬನಿಗೆ ಯಾವುದೂ ಗೊತ್ತಿಲ್ಲ, ತಾಯಿ ಮಾತ್ರೆ ಮರೆತಿರಬೇಕು ಎಂದುಕೊಂಡಿದ್ದಾನೆ, ಗೂಡಿನ ಮಾರ್ಕೆಟ್ಟಿಗೆ ಹೋಗುವಾಗ ಅವಳನ್ನು ನಮ್ಮ ಜಗಲಿಯ ಕುರ್ಚಿಯಲ್ಲಿ ಕೂರಿಸಿ, ಡಾಕ್ಟರು ಬರೆದ ಮಾತ್ರೆಯ ಪೊಟ್ಟಣ ಕೊಟ್ಟು ಹೋಗುತ್ತಾನೆ, ಇವರು ಅದನ್ನು ಅಟ್ಟಕ್ಕೆ ಎಸೆದಿದ್ದರು, ನಾನು ಏಣಿ ಹತ್ತಿ ತೆಗೆದೆ, ಇವತ್ತು ಎರಡು ಲೋಟಕ್ಕೂ ಪುಡಿ, ಅವರದು ಅವರಿಗೆ, ಅವಳದು ಅವಳಿಗೆ, ಅದಲುಬದಲಾಗಬಾರದು, ಚಮಚ ಒತ್ತುತ್ತಿದ್ದೇನೆ, ಕಿರ್ ಎನ್ನುತ್ತಿದೆ, ತಗೊಂಡ್ಬಾರೇ ಎಂದು ಇವರು ಬೆನ್ನು ತಿರುಗಿಸಿಕೊಂಡೇ ಕೂಗುತ್ತಾರೆ — ತಲೆಯೆತ್ತುತ್ತೇನೆ, ಬಾಗಿಲು ಪೂರ್ತಿ ತೆರೆದಿದೆ, ಕುರ್ಚಿ ಇತ್ತ ಕಡೆಗೇ ಇದೆ, ಅಕ್ಬರಿ ಎಷ್ಟು ಹೊತ್ತಿನಿಂದ ನೋಡುತ್ತಿದ್ದಾಳೆ, ನನ್ನ ಕೈ ನೋಡಿ ಅವರ ಬೆನ್ನು ನೋಡುತ್ತಾಳೆ, ಮತ್ತೆ ನನ್ನ ಕೈ, ಬಾಯಿಯ ಅರ್ಧ ಅಲುಗುತ್ತದೆ, ಮಾ, ಮಾ, ಜೊಲ್ಲು ಇಳಿಯುತ್ತದೆ. ಅಮ್ಮಾ ಅಂತಾವ್ರೆ ಕಣೇ, ನಾಲಿಗೆ ತಿರುಗ್ತಾ ಐತೆ ನೋಡು, ಇವರ ದನಿಯಲ್ಲಿ ಎಂಥ ಖುಷಿ — ಅಮ್ಮ ಅಲ್ಲ, ಅವಳ ಮನೆಯಲ್ಲಿ ತಾಯಿಗೆ ಅಮ್ಮಿ ಎನ್ನುತ್ತಾರೆ, ಇದು ಮಾತ್ರೆಯ ಮಾ, ಅವಳಿಗೆ ಗೊತ್ತಾಯಿತು, ಅವರನ್ನು ಉಳಿಸಿದ್ದು ಯಾವುದು, ತನಗೆ ಯಾರೂ ಹೇಳದೇ ಹೋದದ್ದು ಯಾವುದು, ಮಾ, ಮಾ, ಬಲಗಣ್ಣು ಎಲ್ಲೋ ಇದೆ, ಎಡಗಣ್ಣು ನನ್ನ ಚಮಚದ ಮೇಲೆ, ನಾನು ಹೆಜ್ಜೆ ಇಡಬೇಕು, ಲೋಟ ಎತ್ತಬೇಕು, ಆ ಎಡಗಣ್ಣು ರೆಪ್ಪೆ ಬಡಿಯುತ್ತಿಲ್ಲ, ಚಮಚದ ಮೇಲೆ, ಬಡಿಯುತ್ತಲೇ ಇಲ್ಲ —