ಬದು ದಾಟಿದ ಚರಗ

ಎಳ್ಳ ಅಮವಾಸ್ಯೆಯ ಹಿಂದಿನ ಸಂಜೆ ಸುನಂದಾ ಅಡುಗೆಮನೆಯಲ್ಲಿ, ಮರುದಿನ ಹೊಲದಲ್ಲಿ ಚೆಲ್ಲುವ ಚರಗಕ್ಕೆಂದು ಸಜ್ಜೆಯ ಕಡುಬು ಮಾಡುತ್ತಿದ್ದಳು. ಪಡಸಾಲೆಯಲ್ಲಿ ಟಿವಿ ಅರಚುತ್ತಿತ್ತು. ದೂರದ ದೊಡ್ಡ ದೇಶವೊಂದರ ಅಧ್ಯಕ್ಷ, ಇನ್ನೊಂದು ದೇಶಕ್ಕೆ ಸೇರಿದ ಹಿಮದ ದ್ವೀಪ ತನಗೆ ಬೇಕೆಂದು ಹಟ ಹಿಡಿದಿದ್ದ. ಅವಳ ಗಂಡ ಬಸಂತರಾಯನಿಗೆ ಮನಗೂಳಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಇತ್ತೀಚೆಗೆ ಅಂಗಡಿಗೆ ಬಂದವರ ಜೊತೆ ಬೀಜಕ್ಕಿಂತ ಹೆಚ್ಚಾಗಿ ಆ ದ್ವೀಪದ ಮಾತೇ ಆಡುತ್ತಿದ್ದ.

"ಲೀಡರ್ ಅಂದ್ರ ಹಿಂಗಿರಬೇಕು. ಬೇಕು ಅಂದ, ಮುಗೀತು."

"ಬೇಕು ಅಂದ್ರ ಕೊಟ್ಟಬಿಡ್ತಾರೇನ್ರಿ?"

"ಕೊಡೂದ್ಯಾಕ? ತಗೊಳ್ಳೂದು!" ಎನ್ನುತ್ತ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. "ನಾಳೆ ನಾವೂ ಒಂದು ಕೆಲಸ ಮಾಡೂದೈತಿ."

ಮಸೂತಿ ಎಂಬ ಊರಿನ ಹತ್ತಿರ ಅವರದು ಎಂಟು ಎಕರೆ ಹೊಲ. ಬದುವಿನಾಚೆ ಅಮಸಿದ್ದ ಮತ್ತು ಅವನ ಹೆಂಡತಿ ಚಂದವ್ವನ ಆರು ಎಕರೆ. ಅವರ ಹೊಲದ ಒಂದು ಮೂಲೆ ಇವರ ಹೊಲದೊಳಗೆ ಚೂಪಾಗಿ ಚಾಚಿಕೊಂಡಿತ್ತು. ಹೆಚ್ಚೆಂದರೆ ಎರಡು ಗುಂಟೆ, ನಡುವೆ ಒಂದು ಬೇವಿನ ಮರ. ಆ ಮೂಲೆಯಿಂದಾಗಿ ಟ್ರ್ಯಾಕ್ಟರ್ ಸುತ್ತು ಹಾಕಿ ಹೋಗಬೇಕು ಎಂಬುದು ಬಸಂತರಾಯನ ಹಳೆಯ ತಕರಾರು.

"ನಾಳೆ ಚರಗ ಆ ಮೂಲಿತನಕ ಚೆಲ್ಲೂದು. ಇಡೀ ಅಡವಿ ತುಂಬ ಮಂದಿ ಇರ್ತಾರ, ಎಲ್ಲಾರೂ ನೋಡ್ತಾರ. ನಮ್ಮ ಚರಗ ಬಿದ್ದ ನೆಲ ನಮ್ಮದು. ಸೋಮವಾರ ಸರ್ಫರಾಜನ ಟ್ರ್ಯಾಕ್ಟರ್ ತರಿಸಿ ಬದು ಸರಿಸಿಬಿಡ್ತೇನಿ. ಅಮಸಿದ್ದ ಹೆಂಗಿದ್ರೂ ಕುರಿ ತಗೊಂಡು ತಂಗಡಗಿ ಕಡೆ ಹೋಗ್ಯಾನ."

ಸುನಂದಾಳ ಕೈ ನಿಂತಿತು. ಮದುವೆಯಾಗಿ ಬಂದ ಮೊದಲ ವರ್ಷ, ಅತ್ತೆಯ ಮನೆಯಲ್ಲಿ ಅಳಲಿಕ್ಕೂ ಜಾಗವಿಲ್ಲದಿದ್ದಾಗ, ಅವಳು ಹೋಗಿ ಕುಳಿತದ್ದು ಆ ಬೇವಿನ ಮರದ ಕೆಳಗೆ. ಚಂದವ್ವ ಏನೂ ಕೇಳದೆ ತನ್ನ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಮುರಿದು ಕೊಟ್ಟಿದ್ದಳು. ಇಪ್ಪತ್ತಾರು ವರ್ಷಗಳ ಆ ಗೆಳೆತನ ಬಸಂತರಾಯನ ಯಾವ ನಕ್ಷೆಯಲ್ಲೂ ಇರಲಿಲ್ಲ.

"ಬ್ಯಾಡ್ರಿ," ಎಂದಳು.

"ನೀ ಹಿಂದ ದನಿ ಕೊಡು, ಸಾಕು. ಉಳಿದದ್ದು ನಾ ನೋಡ್ಕೋತೇನಿ."

ದನಿ ಕೊಡುವುದೇ ಅವಳಿಗೆ ಭಾರವಾಗಿತ್ತು. ಚರಗ ಚೆಲ್ಲುವಾಗ ಮುಂದಿನವರು ಭೂಮಿತಾಯಿಗೆ ಅನ್ನ, ಕಡುಬು, ಪಲ್ಯ ಬೀರುತ್ತ 'ಹುಲ್ಲುಲ್ಲಿಗೋ' ಎಂದು ಕೂಗಬೇಕು. ಹಿಂದಿನವರು ನೀರು ಚಿಮುಕಿಸುತ್ತ 'ಚಳ್ಳಂಬ್ರಿಗೋ' ಎನ್ನಬೇಕು. ಹಿಂದಿನ ದನಿ ಇಲ್ಲದೆ ಚರಗವಿಲ್ಲ. ಇಪ್ಪತ್ತಾರು ವರ್ಷ ಅವಳು ಯೋಚಿಸದೆ ದನಿ ಕೊಟ್ಟಿದ್ದಳು. ಚರಗಕ್ಕೆ ಮಾತ್ರವಲ್ಲ, ಅವನು ಆಡಿದ ಎಲ್ಲದಕ್ಕೂ.

ಮರುದಿನ ಅಡವಿಯೆಲ್ಲ ಮಂದಿ. ಪ್ರತಿ ಹೊಲದಲ್ಲೂ ಒಂದು ಕುಟುಂಬ, ಎಲ್ಲ ಕಡೆಯಿಂದ ಕೂಗು. ಎದೆಮಟ್ಟ ಬೆಳೆದ ಜೋಳದ ನಡುವೆ ಬಸಂತರಾಯ ಬುಟ್ಟಿ ಹಿಡಿದು ಮುಂದೆ, ಸುನಂದಾ ತಂಬಿಗೆ ಹಿಡಿದು ಹಿಂದೆ. ಬದುವಿನ ತನಕ ಎಲ್ಲ ಸರಿಯಾಗಿಯೇ ನಡೆಯಿತು. ಅವನು ಬದು ಹತ್ತಿ ಆಚೆಗೆ ಇಳಿದ. ಒಂದು ಹಿಡಿ ಬೀರಿ, ಎಲ್ಲರಿಗೂ ಕೇಳುವಂತೆ ಗಂಟಲು ಹರಿಯುವ ಹಾಗೆ ಕೂಗಿದ.

"ಹುಲ್ಲುಲ್ಲಿಗೋ!"

ಸುನಂದಾ ಬದುವಿನ ಈಚೆ ನಿಂತಳು. ಬಾಯಿ ತೆರೆಯಲಿಲ್ಲ. ಅವನು ತಿರುಗಿ ನೋಡಿದ, ಕಣ್ಣಲ್ಲೇ ಗದರಿದ. ಅವಳಿಗೆ ಹೆದರಿಕೆಯಾಯಿತು, ಆದರೂ ತುಟಿ ಬಿಚ್ಚಲಿಲ್ಲ. ಆಚೀಚೆ ಹೊಲದ ಮಂದಿ ಕತ್ತೆತ್ತಿದರು.

"ಹುಲ್ಲುಲ್ಲಿಗೋ!" ಎಂದು ಮತ್ತೆ ಕೂಗಿದ.

"ಚಳ್ಳಂಬ್ರಿಗೋ!"

ದನಿ ಬೇವಿನ ಮರದ ಕಡೆಯಿಂದ ಬಂತು. ಚಂದವ್ವ ಕೊಡ ಹೊತ್ತು ಓಡಿಬರುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಹಿಗ್ಗಿತ್ತು.

"ಅಯ್ಯ ಅಣ್ಣಾರ, ದೇವರು ಬಂದಂಗ ಬಂದ್ರಿ ನೋಡ್ರಿ! ನಮ್ಮವರು ಕುರಿ ಬಿಟ್ಟು ಬರಲಿಲ್ಲ. ಚರಗ ಚೆಲ್ಲವ್ರ್ಯಾರು ಅಂತ ಮುಂಜಾನಿಂದ ಬುಟ್ಟಿ ಇಟ್ಕೊಂಡು ಕುಂತಿದ್ನಿ. ನಡೀರಿ, ನಾ ದನಿ ಕೊಡ್ತೇನಿ."

"ಅಲ್ಲ ಚಂದವ್ವ, ನಾ ಈ ಮೂಲಿಗೆ ಅಷ್ಟ..."

"ಮೂಲಿಗೆ ಉಣಿಸಿ ಉಳಿದ ಹೊಲ ಉಪವಾಸ ಕೆಡವ್ತೀರೇನ್ರಿ? ತಾಯಿ ಮುನಿಸ್ಕೋತಾಳ! ಆರು ಎಕರೆ ಏನ್ ದೊಡ್ಡದ್ರಿ ನಿಮಗ?"

ಪಕ್ಕದ ಹೊಲದಿಂದ ಮುದುಕಿ ರಾಮವ್ವ ಕೂಗಿದಳು: "ಹೌದೋ ಬಸಂತ! ಶುರು ಮಾಡಿದ ಮ್ಯಾಲ ಮುಗಿಸಬೇಕಪಾ!"

ಸಾಕ್ಷಿಗೆಂದು ಅವನು ನೆಚ್ಚಿಕೊಂಡಿದ್ದ ಮಂದಿಯೆಲ್ಲ ನೋಡುತ್ತಿದ್ದರು. ಬಸಂತರಾಯ ಬೆವರು ಒರೆಸಿಕೊಂಡು ನಡೆದ. ಅವನ ಬುಟ್ಟಿ ಖಾಲಿಯಾದಾಗ ಚಂದವ್ವನ ಬುಟ್ಟಿ ಬಂತು. ಆರು ಎಕರೆ ಮುಗಿಯುವ ಹೊತ್ತಿಗೆ ಅವನ ದನಿ ಬಿದ್ದುಹೋಗಿತ್ತು, ಚಂದವ್ವನದು ಇನ್ನೂ ಗಂಟೆಯಂತಿತ್ತು. ಸುನಂದಾ ಬದುವಿನ ಮೇಲೆ ಕುಳಿತು ನಗು ತಡೆಯಲಾರದೆ ಸೆರಗು ಕಚ್ಚಿಕೊಂಡಳು.

ಊಟಕ್ಕೆ ಮೂವರೂ ಬೇವಿನ ನೆರಳಿನಲ್ಲಿ ಕುಳಿತರು. ಬಸಂತರಾಯ ಮಾನ ಉಳಿಸಿಕೊಳ್ಳಲೆಂದು ಆ ದ್ವೀಪದ ಕತೆ ತೆಗೆದ. ಚಂದವ್ವ ಎಣಗಾಯಿ ಬಡಿಸುತ್ತ ಕೇಳಿಸಿಕೊಂಡಳು.

"ಅಲ್ಲಿ ಮಂದಿ ಇಲ್ಲೇನ್ರಿ ಅಣ್ಣಾರ?"

"ಅದಾರ. ಐವತ್ತು ಸಾವಿರದ ಮ್ಯಾಲ."

"ಅವರು ಏನಂತಾರ?"

"ಒಲ್ಲಿವಿ ಅಂತಾರ."

"ಮತ್ತಿನ್ನೇನ್ರಿ! ಇನ್ನೊಂದು ಕಡುಬು ತಗೋರಿ."

ಅವನು ಕಡುಬು ತೆಗೆದುಕೊಂಡ.

ಮನೆಗೆ ಬರುವಾಗ ಬೈಕಿನ ಮೇಲೆ, ಹಿಂದೆ ತಿರುಗದೆಯೇ ಕೇಳಿದ. "ಯಾಕ ದನಿ ಕೊಡಲಿಲ್ಲ?"

ಇದೊಂದು ಪ್ರಶ್ನೆಗೆ ಅವಳು ರಾತ್ರಿಯಿಂದ ಹತ್ತು ಉತ್ತರ ಕೂಡಿಸಿಟ್ಟಿದ್ದಳು. ಆದರೆ ಬಾಯಿಗೆ ಬಂದದ್ದು ಬೇರೆ.

"ಬದು ದಾಟಿ ನನ್ನ ದನಿ ಬರೂದಿಲ್ರಿ."

ಅವನು ಬೈಯಬಹುದೆಂದು ಕಾದಳು. ಬೈಯಲಿಲ್ಲ. ಬಹುಶಃ ಬೈಯಲು ಅವನಿಗೆ ದನಿಯೇ ಉಳಿದಿರಲಿಲ್ಲ. ಆದರೆ ಟ್ರ್ಯಾಕ್ಟರ್ ಬೇಡವೆಂದೂ ಹೇಳಲಿಲ್ಲ. ಸೋಮವಾರ ಸರ್ಫರಾಜನಿಗೆ ಬೇರೆ ಬಾಡಿಗೆ ಸಿಕ್ಕಿತು, ಆಮೇಲೆ ಕಡಲೆ ರಾಶಿ ಅಡ್ಡ ಬಂತು, ಬದುವಿನ ಕೆಲಸ ಮುಂದಕ್ಕೆ ಹೋಗುತ್ತಲೇ ಇತ್ತು. ಸುನಂದಾ ದಿನವೂ ಆ ಮಾತು ಬಂದೀತೆಂದು ಕಿವಿಗೊಟ್ಟಿರುತ್ತಿದ್ದಳು.

ಸಂಕ್ರಾಂತಿ ಕಳೆದು ವಾರವಾಗಿರಬೇಕು, ಆ ಅಧ್ಯಕ್ಷ ಟಿವಿಯಲ್ಲಿ ಬಂದು, ಬಲಪ್ರಯೋಗ ಮಾಡುವುದಿಲ್ಲ, ಮಾತುಕತೆಯಲ್ಲೇ ಎಲ್ಲ ಚೆನ್ನಾಗಿ ಕೂಡಿಬರುತ್ತಿದೆ ಎಂದು ಹೇಳಿದ. ದ್ವೀಪ ಇದ್ದಲ್ಲೇ ಇತ್ತು, ಅವನ ಮುಖದಲ್ಲಿ ಮಾತ್ರ ಗೆದ್ದ ಕಳೆ.

"ಏನಾತ್ರಿ ಆ ದ್ವೀಪದ್ದು?" ಎಂದಳು ಸುನಂದಾ, ಚಹಾ ಇಡುತ್ತ.

"ಶಾಣ್ಯಾ ಅದಾನ," ಎಂದ ಬಸಂತರಾಯ. "ಎಲ್ಲಿ ನಿಂದ್ರಬೇಕು ಅನ್ನೂದು ತಿಳೀತದ ಅವಗ."

ಅದೇ ಹೊತ್ತಿಗೆ ಫೋನು ಬಂತು. ಸರ್ಫರಾಜ. ಟ್ರ್ಯಾಕ್ಟರ್ ಖಾಲಿ ಇದೆ, ನಾಳೆ ಬರಲೇ ಎಂದು ಕೇಳುತ್ತಿದ್ದ. ಸುನಂದಾ ಬಾಗಿಲಲ್ಲೇ ನಿಂತಳು.

"ಬ್ಯಾಡೋ ಮಾರಾಯ... ಏ, ಯಾರೂ ಹೆದರಿಸಿಲ್ಲ ನನಗ! ನನ್ನ ಕೈಲೇ ಚರಗ ಚೆಲ್ಲಿದ ಹೊಲ ಅದು, ಅದಕ್ಕ ನಾನ ಗುದ್ದಲಿ ಹಚ್ಚಲೇನು? ಅದೂ ಅಲ್ಲದ..." ಅವನು ಹೆಂಡತಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಅದೂ ಅಲ್ಲದ, ಮುಂದಿನ ವರ್ಷದ ಚರಗಕ್ಕೂ ಚಂದವ್ವ ಈಗಲೇ ನನಗ ಹೇಳಿಬಿಟ್ಟಾಳ. ಆರಕ್ಕ ಆರೂ ಎಕರೆ."